ಪಟ ಹಿಡಿಯುವುದಕ್ಕೂ ಪಾಠಶಾಲೆಯೆ?

ದೊಡ್ಡಬಳ್ಳಾಪುರದಿಂದ ಯಲಹಂಕದ ದಾರಿ ಹಿಡಿದು ಹೊರಟವರಿಗೆ, ಪೇಟೆ ದಾಟಿದ ಸ್ವಲ್ಪ ಹೊತ್ತಿನಲ್ಲೇ ಬಾಶೆಟ್ಟಿಹಳ್ಳಿ ಸಿಗುತ್ತದೆ. ರೈಲುಹಳಿಯ ಮಗ್ಗುಲಿನ ಊರು. ಕಾರ್ಖಾನೆಗಳ ಪ್ರದೇಶವೆಂದೇ ಈಗ ಅದರ ಖ್ಯಾತಿ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ನೆಲೆಸಿರುವುದು ಇಲ್ಲಿಯೇ. 2019ರ ಬೇಸಿಗೆಯ ಒಂದು ಸಂಜೆ, ನೆರೆಯಲ್ಲಿ ಮಗ್ಗ ನಡೆಸುವ ಗೃಹಸ್ಥರೊಬ್ಬರು ತಮ್ಮ ಮಗನನ್ನು ಮುಂದಿಟ್ಟುಕೊಂಡು ನಮ್ಮ ಮನೆಗೆ ಬಂದರು. ಹುಡುಗ ಪಿ.ಯು.ಸಿ. ಮುಗಿಸಿದ್ದ. ಮೈಸೂರಿಗೆ ಹೋಗಿ ಲಲಿತಕಲೆಯ ಪದವಿಗೆ ಸೇರಬೇಕೆಂಬುದು ಅವನ ಆಸೆ. ಅದರಲ್ಲಿಯೂ ಚಿತ್ರವಲ್ಲ, ಶಿಲ್ಪವಲ್ಲ, ಛಾಯಾಚಿತ್ರಣ. ತಂದೆ ಕೇಳಿದ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ:

“ಪಟ ಹಿಡಿಯೋದಕ್ಕೂ ಕಾಲೇಜು ಐತಾ ಮೇಷ್ಟ್ರೇ? ಮದುವೇಲಿ ಪಟ ಹಿಡಿಯೋ ಹುಡುಗ ಯಾವ ಕಾಲೇಜಿಗೆ ಹೋಗಿದ್ದ?”

ನಾನು ತಕ್ಷಣ ಉತ್ತರ ಕೊಡಲಾರದೆ ಹೋದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಸಾಹಿತ್ಯವನ್ನು ಪಾಠ ಹೇಳಿದವನು ನಾನು. ನನ್ನ ತರಗತಿಯಲ್ಲಿ ಕುಳಿತವರಲ್ಲಿ ಕವಿಗಳಾದವರು ಬೆರಳೆಣಿಕೆಗೂ ಬರುವುದಿಲ್ಲ. ಕವಿಗಳಾದ ಕೆಲವರು ನನ್ನ ತರಗತಿಗೆ ಸರಿಯಾಗಿ ಬರುತ್ತಿರಲಿಲ್ಲ! ಆದಕಾರಣ ಆ ನೇಕಾರರ ಪ್ರಶ್ನೆ ನನ್ನ ವೃತ್ತಿಗೂ ಸೇರಿಯೇ ಕೇಳಿದ ಪ್ರಶ್ನೆಯಾಗಿ ತೋರಿತು. ನಾಳೆ ಬನ್ನಿ ಎಂದು ಅವರನ್ನು ಕಳಿಸಿಕೊಟ್ಟು, ಛಾಯಾಚಿತ್ರಣವು ನಮ್ಮ ನಾಡಿಗೆ ಯಾವ ಬಾಗಿಲಿನಿಂದ ಬಂತು, ಪಾಠಶಾಲೆಯ ಒಳಕ್ಕೆ ಯಾವಾಗ ಕಾಲಿಟ್ಟಿತು ಎಂದು ಯೋಚಿಸತೊಡಗಿದೆ. ಅಂದಿನಿಂದ ಓದಿ ತಿಳಿದುಕೊಂಡದ್ದರಲ್ಲಿ ಕೆಲವು ಸಂಗತಿಗಳನ್ನು ಈಗ ಶ್ರೋತೃಗಳ ಮುಂದಿಡುತ್ತೇನೆ.

ದಾಗೇರನ ವಿಧಾನವು ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದು 1839ರಲ್ಲಿ. ಸುಮಾರು ಹದಿನೈದು ವರ್ಷ ಕಳೆಯುವ ಹೊತ್ತಿಗೆ ಕ್ಯಾಮರಾ ನಮ್ಮ ಹಳೇಬೀಡಿನ ಮುಂದೆ ನಿಂತಿತ್ತು. 1854ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಎಂಬ ಕಂಪನಿ ಸರ್ಕಾರದ ಸೇನಾಧಿಕಾರಿ, ವೈದ್ಯ ಆಂಡ್ರ್ಯೂ ನೀಲ್‌ನ ಜೊತೆಯಲ್ಲಿ, ಬೇಲೂರು ಹಳೇಬೀಡುಗಳಿಗೆ ಬಂದು ಹೊಯ್ಸಳ ದೇವಾಲಯಗಳ ಪಟಗಳನ್ನು ತೆಗೆದ. ಮೇಣ ಹಚ್ಚಿದ ಕಾಗದವೇ ಅವನ ನೆಗೆಟಿವ್. ಒಂದೊಂದು ಪಟಕ್ಕೂ ಕ್ಯಾಮರಾದ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಅಲುಗಾಡುವ ಮನುಷ್ಯರು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಕಲ್ಲು ಮಾತ್ರ ಕಾಣುತ್ತಿತ್ತು. ಏಳುನೂರು ವರ್ಷ ಅಲುಗಾಡದೆ ನಿಂತಿದ್ದ ನಮ್ಮ ಮದನಿಕೆಯರಿಗಿಂತ ಒಳ್ಳೆಯ ರೂಪದರ್ಶಿಗಳು ಆ ಯಂತ್ರಕ್ಕೆ ಬೇರೆಲ್ಲಿ ಸಿಗಬೇಕು?

ಮರುವರ್ಷ, ಎಂದರೆ 1855ರಲ್ಲಿ, ಮದರಾಸಿನಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆಯಿತು. ದಕ್ಷಿಣ ಭಾರತದ ಕಚ್ಚಾಮಾಲು, ಕಲೆ ಮತ್ತು ತಯಾರಿಕೆಗಳ ಪ್ರದರ್ಶನವೆಂದು ಅದರ ಹೆಸರು. ಟ್ರೈಪ್ ಅಲ್ಲಿಟ್ಟಿದ್ದ ಅರವತ್ತೆಂಟು ಪಟಗಳನ್ನು ತೀರ್ಪುಗಾರರು ಕಾಗದದ ಮೇಲಿನ ಛಾಯಾಚಿತ್ರಗಳಲ್ಲಿ ಅತ್ಯುತ್ತಮವಾದವೆಂದು ಆರಿಸಿದರು. ಆ ಪ್ರದರ್ಶನದ ಹೆಸರನ್ನು ಓದಿದಾಗ ನನಗೆ ನಗು ಬಂತು. ಒಂದು ಕಡೆ ಕಚ್ಚಾಮಾಲು, ಮತ್ತೊಂದು ಕಡೆ ತಯಾರಿಕೆ, ನಡುವೆ ಕಲೆ. ಛಾಯಾಚಿತ್ರವು ಈ ಮೂರರಲ್ಲಿ ಯಾವ ಪಂಕ್ತಿಯಲ್ಲಿ ಕುಳಿತಿತೆಂಬುದನ್ನು ಆಗ ಯಾರೂ ವಿಚಾರಿಸಿದಂತಿಲ್ಲ.

ಬೋಧನೆಯೂ ಹೆಚ್ಚುಕಡಿಮೆ ಆ ಹೊತ್ತಿಗೇ ಆರಂಭವಾಯಿತು. ಡಾ. ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿ ಮದರಾಸಿನಲ್ಲಿ ತೆರೆದಿದ್ದ ಕಲಾಶಾಲೆಯಲ್ಲಿ ಛಾಯಾಚಿತ್ರಣದ ಪಾಠ ಸೇರಿಕೊಂಡಿತು. ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ 1855ರಲ್ಲಿ ಒಂದು ತರಗತಿ ತೆರೆಯಿತು. ನಾರಾಯಣ ದಾಜಿ, ಹರಿಚಂದ್ ಚಿಂತಾಮಣಿ ಮೊದಲಾದ ಭಾರತೀಯ ಛಾಯಾಗ್ರಾಹಕರ ಹೆಸರು ಆ ತರಗತಿಯೊಡನೆ ಹೆಣೆದುಕೊಂಡಿದೆ. ಆದರೆ ಈ ಶಾಲೆಗಳು ಹುಡುಗರಿಗೆ ಕ್ಯಾಮರಾ ಕೊಟ್ಟದ್ದು ಸೌಂದರ್ಯೋಪಾಸನೆಗೆಂದಲ್ಲ. ದೇವಾಲಯಗಳ ದಾಖಲೆಯಾಗಬೇಕು, ಶಾಸನಗಳ ಪಡಿಯಚ್ಚಾಗಬೇಕು, ನಾಡಿನ ಜಾತಿ ಪಂಗಡಗಳ ಜನರನ್ನು ನಿಲ್ಲಿಸಿ ಮುಖಚರ್ಯೆಯ ಪಟ್ಟಿ ತಯಾರಾಗಬೇಕು. ಆಳುವವರಿಗೆ ಬೇಕಾಗಿದ್ದದ್ದು ನೂರು ಗುಮಾಸ್ತರ ಕೆಲಸವನ್ನು ಒಂದು ಪೆಟ್ಟಿಗೆಯಿಂದ ಮಾಡಿಸುವ ಉಪಾಯ. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ಒಂದು ಭಾರಿ ಸಂಪುಟ ಹೊರಬಂತು. ಪಟಗಳು ಪಿಗೌ, ನೀಲ್, ಬಿಗ್ಸ್ ಎಂಬ ಮೂವರವು. ಬರಹ ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರದು. ನಮ್ಮ ದೇಗುಲಗಳನ್ನು ಲೋಕಕ್ಕೆ ತೋರಿಸಿದ ಉಪಕಾರ ಆ ಪುಸ್ತಕದ್ದೆಂಬುದನ್ನು ಒಪ್ಪಲೇಬೇಕು. ಆದರೂ ಅಲ್ಲಿ ಕಲೆಯೆಂದರೆ ಕಲ್ಲಿನಲ್ಲಿದ್ದದ್ದು. ಪಟವು ಅದನ್ನು ಹೊತ್ತು ತಂದ ಹಮಾಲಿ.

ಯೂರೋಪಿನಲ್ಲಿಯೂ ಈ ಜಗಳ ನಡೆದೇ ಇತ್ತು. 1859ರಲ್ಲಿ ಪ್ಯಾರಿಸ್ಸಿನ ಕಲಾಪ್ರದರ್ಶನದ ಜೊತೆಗೆ ಛಾಯಾಚಿತ್ರಗಳಿಗೂ ಜಾಗ ಸಿಕ್ಕಿದಾಗ ಕವಿ ಬೋದಿಲೇರ್ ಕೆಂಡವಾದ: ಇದು ಕಲೆಗಳಿಗೆ ಊಳಿಗ ಮಾಡಿಕೊಂಡಿರಲಿ, ಅವುಗಳ ಪೀಠಕ್ಕೆ ಏರದಿರಲಿ ಎಂಬುದು ಅವನ ವಾದದ ತಾತ್ಪರ್ಯ. ಮೂರು ವರ್ಷದ ತರುವಾಯ ಒಂದು ಕೃತಿಚೌರ್ಯದ ಮೊಕದ್ದಮೆಯಲ್ಲಿ ಫ್ರಾನ್ಸಿನ ನ್ಯಾಯಾಲಯ ಛಾಯಾಚಿತ್ರಕ್ಕೂ ಕಲಾಕೃತಿಯ ರಕ್ಷಣೆಯುಂಟೆಂದು ತೀರ್ಪಿತ್ತಿತು. ಕೋರ್ಟಿನ ತೀರ್ಪಿನಿಂದ ಕಲೆಯಾದ ವಸ್ತು ಪ್ರಪಂಚದಲ್ಲಿ ಬಹುಶಃ ಇದೊಂದೇ ಇರಬೇಕು.

ಅಲಂಕಾರಶಾಸ್ತ್ರ ಓದಿದವರಿಗೆ ಇಲ್ಲಿ ಶಂಕುಕನ ನೆನಪಾಗದಿರದು. ಕಾಶ್ಮೀರದ ಆ ಆಲಂಕಾರಿಕ ನಾಟ್ಯದ ಅನುಭವವನ್ನು ವಿವರಿಸಲು ಚಿತ್ರತುರಗ, ಎಂದರೆ ಪಟದ ಕುದುರೆಯ ದೃಷ್ಟಾಂತ ಕೊಟ್ಟ. ಬರೆದ ಕುದುರೆಯನ್ನು ಕಂಡಾಗ ನಮಗಾಗುವ ಅರಿವು ಸತ್ಯಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ. ಸಂಶಯವಲ್ಲ, ಸಾದೃಶ್ಯವೂ ಅಲ್ಲ. ಈ ನಾಲ್ಕರಿಂದಲೂ ಬೇರೆಯಾದ ಒಂದು ಬಗೆಯ ಕಾಣ್ಕೆ ಅದು. ತರಗತಿಯಲ್ಲಿ ಇದನ್ನು ವಿವರಿಸುವಾಗಲೆಲ್ಲ ನನಗೊಂದು ತೊಡಕು ತೋರುತ್ತಿತ್ತು. ಶಂಕುಕ ಹೇಳಿದ ಕುದುರೆಯನ್ನು ಚಿತ್ರಕಾರ ಕೈಯಿಂದ ಬರೆದಿದ್ದ; ಛಾಯಾಚಿತ್ರದ ಕುದುರೆಯಾದರೋ ಎಂದೋ ಒಂದು ದಿನ ಎಲ್ಲೋ ನಿಜವಾಗಿಯೂ ನಿಂತಿತ್ತು; ಅದರ ಮೈಮೇಲೆ ಬಿದ್ದ ಬೆಳಕೇ ಕಾಗದಕ್ಕೆ ಬಂದು ತಾಕಿದೆ. ಹಾಗಾದರೆ ಇದನ್ನು ಕಾಣುವ ಅರಿವು ಆ ನಾಲ್ಕರಲ್ಲಿ ಒಂದೋ, ಐದನೆಯದೋ? ವಿದ್ಯಾರ್ಥಿಗಳನ್ನು ಕೇಳಿದರೆ, ಇದು ಪರೀಕ್ಷೆಗೆ ಬರುತ್ತದೆಯೇ ಸಾರ್ ಎಂದು ಅವರು ನನ್ನನ್ನೇ ಕೇಳುತ್ತಿದ್ದರು.

ಮತ್ತೆ ನಮ್ಮ ನಾಡಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಮೊದಲಿಗೂ ಬೆಂಗಳೂರು ದಂಡಿನಲ್ಲಿ, ಮೈಸೂರಿನ ಪೇಟೆಗಳಲ್ಲಿ ಸ್ಟುಡಿಯೊಗಳು ತಲೆಯೆತ್ತಿದವು; ಆಮೇಲೆ ತಾಲ್ಲೂಕು ಕೇಂದ್ರಗಳಿಗೂ ಬಂದವು. ನಾನು ಎಸ್.ಎಸ್.ಎಲ್.ಸಿ. ಕಟ್ಟುವ ಕಾಲಕ್ಕೆ ಪಟ ತೆಗೆಸಿಕೊಂಡದ್ದು ಅಂಥದೊಂದು ಚಿಕ್ಕ ಸ್ಟುಡಿಯೊದಲ್ಲಿ. ಹಿಂದುಗಡೆ ಪರದೆ, ಅದರ ಮೇಲೆ ಯಾವುದೋ ಬಂಗಲೆಯ ಮೆಟ್ಟಿಲು, ಹೂಕುಂಡ, ದೂರದಲ್ಲಿ ಒಂದು ಕೊಳ. ಸ್ಟುಡಿಯೊದವರದೇ ಒಂದು ಕೋಟು ಗೂಟಕ್ಕೆ ತೂಗಿರುತ್ತಿತ್ತು. ನನಗಿಂತ ಹಿಂದೆ ಊರಿನ ಅರ್ಧದಷ್ಟು ಗಂಡಸರು ಅದನ್ನು ತೊಟ್ಟಿದ್ದರು. ಯಜಮಾನರು ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ, ಈಚೆ ಬಂದು, ನನ್ನ ಗದ್ದವನ್ನು ಎರಡು ಬೆರಳಿನಿಂದ ಇಷ್ಟೇ ಇಷ್ಟು ತಿರುಗಿಸಿ, ಮತ್ತೆ ಒಳಹೊಕ್ಕು ನೋಡುತ್ತಿದ್ದರು. ಪಟ ತೆಗೆದಾದ ಮೇಲೆ ಕಿಟಕಿಯ ಬೆಳಕಿಗೆ ನೆಗೆಟಿವನ್ನು ಹಿಡಿದು, ಚೂಪು ಪೆನ್ಸಿಲಿನಿಂದ ನನ್ನ ಮುಖದ ಮೊಡವೆಗಳನ್ನು ಒಂದೊಂದಾಗಿ ಅಳಿಸಿದರು. ಆ ಬೆರಳುಗಳಲ್ಲಿದ್ದ ವಿದ್ಯೆಗೆ ಪದವಿಯ ಪತ್ರವಿರಲಿಲ್ಲ. ಅವರು ಅದನ್ನು ತಮ್ಮ ಗುರುವಿನ ಕತ್ತಲೆಕೋಣೆಯಲ್ಲಿ ಬಕೆಟ್ಟು ತೊಳೆಯುತ್ತಾ ಕಲಿತವರು. ನೇಕಾರರು ಕೇಳಿದ ಪ್ರಶ್ನೆಯ ಬೆನ್ನಿಗೆ ಇಂಥ ಎಷ್ಟೋ ಯಜಮಾನರು ನಿಂತಿದ್ದರು.

ಕನ್ನಡ ನಾಡಿನಲ್ಲಿ ಕ್ಯಾಮರಾಕ್ಕೆ ಕ್ರಮವಾದ ಪಠ್ಯ, ಪರೀಕ್ಷೆ, ಡಿಪ್ಲೊಮಾ ಎಂಬುದು ಬಂದದ್ದು 1943ರಲ್ಲಿ. ನಂದಿಬೆಟ್ಟದ ಆಚೆ ಬದಿಯ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯನ್ನು ತೆರೆಯಿತು. ಮುಂದೆ ಪಾಲಿಟೆಕ್ನಿಕ್ ಎನಿಸಿಕೊಂಡದ್ದು ಇದೇ. ಅಲ್ಲಿ ಕಲಿಸುತ್ತಿದ್ದ ವಿದ್ಯೆಗಳ ಸಾಲಿನಲ್ಲಿ ಚಲನಚಿತ್ರ ಛಾಯಾಗ್ರಹಣವೂ ಧ್ವನಿಗ್ರಹಣವೂ ಇದ್ದವು. ಹೆಸರನ್ನು ಗಮನಿಸಬೇಕು: ಔದ್ಯೋಗಿಕ ಸಂಸ್ಥೆ. ಎಂಜಿನಿಯರ್ ಕಣ್ಣಿಗೆ ಕ್ಯಾಮರಾ ಕಂಡದ್ದು ಹೊಟ್ಟೆಪಾಡಿಗೆ ಆಧಾರವಾಗಬಲ್ಲ ಕಸುಬಾಗಿ. ಅದರಲ್ಲಿ ತಪ್ಪೇನೂ ಇಲ್ಲ. ಕಲೆಯ ಹೆಸರಿನಲ್ಲಿ ಶಾಲೆ ತೆರೆದಿದ್ದರೆ ಆ ಕಾಲದ ತಂದೆತಾಯಿಗಳು ಮಕ್ಕಳನ್ನು ಅತ್ತ ಕಳಿಸುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಆ ಶಾಲೆಯ ಮೊದಲ ತಂಡದಿಂದ 1946ರಲ್ಲಿ ಡಿಪ್ಲೊಮಾ ಪಡೆದು ಹೊರಬಂದವರು ವಿ. ಕೆ. ಮೂರ್ತಿ. ಮೈಸೂರಿನ ಹುಡುಗ, 1923ರ ನವೆಂಬರಿನಲ್ಲಿ ಹುಟ್ಟಿದವರು. ಸಿನಿಮಾದ ಹುಚ್ಚಿಗೆ ಒಮ್ಮೆ ಮುಂಬಯಿಗೆ ಹೋಗಿ ಬರಿಗೈಯಲ್ಲಿ ಮರಳಿದವರು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು, ಪಿಟೀಲು ಕಲಿತವರು. ಮುಂದೆ ಗುರುದತ್ತರ ಚಿತ್ರಗಳಿಗೆ ಅವರು ಕಣ್ಣಾದದ್ದು ಲೋಕಕ್ಕೆಲ್ಲ ತಿಳಿದಿದೆ. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಬರಿದಾದ ಸ್ಟುಡಿಯೊದ ಕತ್ತಲನ್ನು ಸೀಳಿಕೊಂಡು ಮೇಲಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ಅದಕ್ಕಾಗಿ ಮೂರ್ತಿಯವರು ದೊಡ್ಡ ದೀಪಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಹೊರಗಿನ ಬಿಸಿಲನ್ನು ಎರಡು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. ಬೆಳಕು ಪ್ರತಿಫಲಿಸುವ ನಿಯಮ ಔದ್ಯೋಗಿಕ ಶಾಲೆಯ ಪಾಠದಲ್ಲಿ ಇದ್ದಿರಬಹುದು. ಮುಗಿದುಹೋದ ಒಬ್ಬ ಕಲಾವಿದನ ಏಕಾಂತವನ್ನು ಆ ನಿಯಮದಿಂದ ಹೇಳಿಸಬಹುದೆಂಬುದು ಪಾಠದಲ್ಲಿ ಇದ್ದಿರಲಾರದು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು. ಅವರು 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಷ್ಟು ದೊಡ್ಡವರಿಂದ ಕನ್ನಡಕ್ಕೆ ದಕ್ಕಿದ್ದು ಬಹಳ ಕಡಿಮೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ, 1993ರ ‘ಹೂವು ಹಣ್ಣು’ ಅವರ ಕಣ್ಣಿನಿಂದ ಬಂದದ್ದೆಂಬುದನ್ನು ನಮ್ಮ ಸಾಹಿತ್ಯಾಭಿಮಾನಿಗಳು ನೆನಪಿನಲ್ಲಿ ಇಡಬೇಕು. ಅದೇ ಶಾಲೆಯಲ್ಲಿ 1962ರಲ್ಲಿ ಡಿಪ್ಲೊಮಾ ಮುಗಿಸಿ ಮೂರ್ತಿಯವರ ಕೈಕೆಳಗೆ ದುಡಿದ ಗೋವಿಂದ ನಿಹಲಾನಿಯವರು ಕಾರ್ನಾಡರ ‘ಕಾಡು’ ಚಿತ್ರಕ್ಕೆ ಛಾಯಾಗ್ರಾಹಕರಾದರು. ಆ ವಿಭಾಗ 1990ರ ದಶಕದಲ್ಲಿ ಹೆಸರಘಟ್ಟಕ್ಕೆ ಸ್ಥಳಾಂತರವಾಗಿ, ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿ, ನಮ್ಮ ಬಾಶೆಟ್ಟಿಹಳ್ಳಿಗೆ ನೆರೆಯಾಯಿತು.

ಇದಕ್ಕೆ ಎದುರಾಗಿ ಇನ್ನೊಂದು ಬದುಕನ್ನು ಇಟ್ಟು ನೋಡಬೇಕು. ಮೂರ್ತಿಯವರು ಹುಟ್ಟಿದ ತಿಂಗಳೊಪ್ಪತ್ತಿನೊಳಗೆ, 1923ರ ಡಿಸೆಂಬರ್ 18ರಂದು, ಅದೇ ಮೈಸೂರಿನಲ್ಲಿ ಹುಟ್ಟಿದವರು ಟಿ. ಎಸ್. ಸತ್ಯನ್. ಅವರು ಕ್ಯಾಮರಾ ಕಲಿಸುವ ಯಾವ ಶಾಲೆಗೂ ಹೋಗಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು. ಬಳಿಕ ಪತ್ರಿಕೆಗಳ ಛಾಯಾಗ್ರಾಹಕರಾಗಿ ನಾಡು ದೇಶಗಳನ್ನು ಸುತ್ತಿದರು. ವಿಶ್ವ ಆರೋಗ್ಯ ಸಂಸ್ಥೆಗೆ ಸಿಡುಬಿನ ನಿರ್ಮೂಲನದ ಪಟಗಳನ್ನು, ಯುನಿಸೆಫ್‌ಗೆ ಮಕ್ಕಳ ಪಟಗಳನ್ನು ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸತ್ಯನ್ನರ ಪಟಗಳಲ್ಲಿ ಬಡವರಿದ್ದಾರೆ, ಬಡತನದ ಜಾಹೀರಾತು ಇಲ್ಲ. ಅವರ ಮಕ್ಕಳು ಕ್ಯಾಮರಾವನ್ನು ನೋಡಿ ನಗುವುದಿಲ್ಲ. ಕ್ಯಾಮರಾ ಬರುವ ಮೊದಲೇ ನಗುತ್ತಿದ್ದವರು. ಈ ದೃಷ್ಟಿ ಅವರಿಗೆ ಎಲ್ಲಿಂದ ಬಂತು? ಸಾಹಿತ್ಯದ ಓದಿನಿಂದ, ಮೈಸೂರಿನ ಬೀದಿಗಳಿಂದ ಎಂದು ನಾನು ಹೇಳಿದರೆ ಅದು ಸಾಹಿತ್ಯದ ಮೇಷ್ಟ್ರ ಪಕ್ಷಪಾತವೆನ್ನಿಸಬಹುದು. ಆಗಲಿ.

ಹೀಗೆ ಒಂದೇ ಊರಿನ, ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರು ಶಾಲೆಯ ಬಾಗಿಲಿನಿಂದ ಬಂದರು, ಮತ್ತೊಬ್ಬರು ಬಯಲಿನಿಂದ. ಬಯಲಿನವರಿಗೂ ಸಂಪೂರ್ಣ ಬಯಲೇ ಇತ್ತೆನ್ನಲಾಗದು. ಬೆಂಗಳೂರಿನಲ್ಲಿ ಹವ್ಯಾಸಿಗಳ ಸಂಘಗಳು ಬಲವಾಗಿದ್ದವು. ಡಾ. ಜಿ. ಥಾಮಸ್ ಅವರ ಮುಂದಾಳುತನದಲ್ಲಿ 1953ರಲ್ಲಿ ಭಾರತೀಯ ಛಾಯಾಚಿತ್ರಣ ಒಕ್ಕೂಟ ರೂಪುಗೊಂಡಿತು. 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಓ. ಸಿ. ಎಡ್ವರ್ಡ್ಸ್ ಅವರ ಹಿಂದೆ ಕಾಡು ಸುತ್ತಿ ಟಿ. ಎನ್. ಎ. ಪೆರುಮಾಳರು ಹಕ್ಕಿಗಳ ಪಟ ತೆಗೆಯಲು ಕಲಿತರು. ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳ ಚಿತ್ರಣದಲ್ಲಿ ಲೋಕದ ಮನ್ನಣೆ ಪಡೆದರು. ಈ ಸಂಘಗಳಲ್ಲಿ ಪ್ರಿಂಟುಗಳನ್ನು ಗೋಡೆಗೆ ಹಚ್ಚಿ ಒಬ್ಬರ ತಪ್ಪನ್ನು ಇನ್ನೊಬ್ಬರು ಎತ್ತಿ ಆಡುವ ಸಂಪ್ರದಾಯವಿತ್ತು. ಅದೂ ಒಂದು ಶಾಲೆಯೇ. ಆದರೆ ಅಲ್ಲಿ ಬಹುಮಾನದ ಕಣ್ಣಿಗೆ ಚೆನ್ನಾಗಿ ಕಂಡದ್ದೇ ಚೆನ್ನ ಎಂಬ ಒಂದು ರೂಢಿ ಬೆಳೆಯಿತೆಂದೂ, ಎತ್ತಿನಗಾಡಿಯ ಧೂಳಿನ ಮೇಲೆ ಬಿದ್ದ ಸಂಜೆಬಿಸಿಲು ನೂರು ಪದಕ ಗೆದ್ದ ಮೇಲೆಯೂ ಗೆಲ್ಲುತ್ತಲೇ ಇತ್ತೆಂದೂ ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಕಲಾಶಾಲೆಯಲ್ಲಿ ಆನ್ಸೆಲ್ ಆಡಮ್ಸ್ ಛಾಯಾಚಿತ್ರಣವನ್ನು ಲಲಿತಕಲೆಯಾಗಿಯೇ ಕಲಿಸುವ ವಿಭಾಗವನ್ನು ಕಟ್ಟಿದ್ದು 1946ರ ಹೊತ್ತಿಗೆ, ಎಂದರೆ ಮೂರ್ತಿಯವರು ಬೆಂಗಳೂರಿನಲ್ಲಿ ಡಿಪ್ಲೊಮಾ ಪಡೆದ ಕಾಲಕ್ಕೇ. ನಮ್ಮಲ್ಲಿ ಆ ಮಾತು ಬರಲು ಇನ್ನೂ ಮೂರೂವರೆ ದಶಕ ಬೇಕಾಯಿತು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿರುವ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಭವ್ಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಬಿದ್ದಿತ್ತು. ಮರಗೆಲಸ, ದಂತದ ಕೆತ್ತನೆ ಮೊದಲಾದ ಕುಶಲವಿದ್ಯೆಗಳ ಮನೆ ಅದು. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ ಆ ಕಟ್ಟಡದ ಮುಂದೆ ಎಷ್ಟೋ ಸಲ ನಡೆದು ಹೋಗಿದ್ದೇನೆ. 1980ರ ದಶಕದ ಆರಂಭದಲ್ಲಿ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಸಲಹೆಯ ಮೇರೆಗೆ, ಅಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ರೂಪ ತಳೆಯಿತು. ಜನ ಅದನ್ನು ‘ಕಾವಾ’ ಎಂದು ಕರೆಯುತ್ತಾರೆ. ವರ್ಣಚಿತ್ರ, ಶಿಲ್ಪ, ಗ್ರಾಫಿಕ್, ಅನ್ವಯಕಲೆಗಳ ಪಂಕ್ತಿಯಲ್ಲಿ ಛಾಯಾಚಿತ್ರಣ ಮತ್ತು ಪತ್ರಿಕಾ ಛಾಯಾಚಿತ್ರಣಕ್ಕೂ ಲಲಿತಕಲಾ ಪದವಿಯಲ್ಲಿ ಎಲೆ ಹಾಕಿದರು. 1855ರ ಮದರಾಸಿನ ಪ್ರದರ್ಶನದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಗೆ ನಮ್ಮ ನಾಡಿನ ಉತ್ತರ ಅಲ್ಲಿ ದೊರೆಯಿತೆನ್ನಬಹುದು.

ಕಲಾಶಾಲೆಯ ಗಾಳಿ ಏನು ಮಾಡಬಲ್ಲುದೆಂಬುದಕ್ಕೆ ಬೆಂಗಳೂರಿನಲ್ಲಿ ಹುಟ್ಟಿದ ಎನ್. ಪುಷ್ಪಮಾಲಾ ಅವರನ್ನು ನೋಡಬೇಕು. ಅವರು ಬರೋಡೆಯ ಲಲಿತಕಲಾ ವಿಭಾಗದಲ್ಲಿ ಕಲಿತದ್ದು ಶಿಲ್ಪ. 1990ರ ದಶಕದಿಂದೀಚೆಗೆ ತಾವೇ ವೇಷ ತೊಟ್ಟು ಕ್ಯಾಮರಾದ ಮುಂದೆ ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಜೊತೆ 2000ದಿಂದ 2004ರವರೆಗೆ ರೂಪಿಸಿದ ಸರಣಿಯೊಂದರಲ್ಲಿ ದಕ್ಷಿಣ ಭಾರತದ ಸ್ತ್ರೀಯರ ಹಳೆಯ ಚಿತ್ರಗಳನ್ನು ಅವರು ಮತ್ತೆ ನಟಿಸಿದರು: ರವಿವರ್ಮನ ಲಕ್ಷ್ಮಿಯಾದರು, ಬ್ರಿಟಿಷರು ಅಳತೆಯ ಚೌಕುಳಿಯ ಮುಂದೆ ನಿಲ್ಲಿಸಿ ಪಟ ತೆಗೆದ ಬುಡಕಟ್ಟಿನ ಹೆಣ್ಣೂ ಆದರು. ಹತ್ತೊಂಬತ್ತನೆಯ ಶತಮಾನದ ಪಟದ ಹೆಣ್ಣಿಗೆ ಮಾತನಾಡುವ ಹಕ್ಕಿರಲಿಲ್ಲ. ಇಲ್ಲಿ ನಿಂತವಳೇ ನಿಲ್ಲಿಸಿದವಳೂ ಆಗಿದ್ದಾಳೆ. ಕಲೆಯ ಚರಿತ್ರೆಯನ್ನು ಓದದ ಕಣ್ಣಿಗೆ ಇಂಥ ಪಟ ಹೊಳೆಯುವುದಿಲ್ಲ, ಹೊಳೆದರೂ ಅದರ ಕುಚೋದ್ಯ ನಿಲುಕುವುದಿಲ್ಲ.

ಮರುದಿನ ನೇಕಾರರು ಬಂದಾಗ ಇಷ್ಟನ್ನೆಲ್ಲ ಹೇಳಿ ಅವರನ್ನು ಬೇಸರಗೊಳಿಸಲಿಲ್ಲ. ನಾನೂ ಒಂದು ಪ್ರಶ್ನೆ ಕೇಳಿದೆ: “ಮಗ್ಗ ನಡೆಸುವವರು ಊರಿನಲ್ಲಿ ಎಷ್ಟೋ ಜನ ಇದ್ದಾರಲ್ಲ, ಸೀರೆಯ ಅಂಚಿಗೆ ಹೊಸ ಡಿಸೈನು ಬರೆದು ಜಕಾರ್ಡಿಗೆ ರಟ್ಟು ಕೊರೆಸುವವರು ಎಷ್ಟು ಜನ?” ಅವರು ಯೋಚಿಸಿ ಎರಡು ಹೆಸರು ಹೇಳಿದರು. ಆಮೇಲೆ ತಡೆದು, “ಅವರೂ ಯಾವ ಕಾಲೇಜಿಗೂ ಹೋದವರಲ್ಲ ಮೇಷ್ಟ್ರೇ” ಎಂದರು! ನಮ್ಮ ಕವಿರಾಜಮಾರ್ಗಕಾರನೂ ಓದದೆಯೇ ಕಾವ್ಯದಲ್ಲಿ ಪಳಗಿದವರೆಂದು ಕನ್ನಡ ಜನರನ್ನು ಹೊಗಳಿದ್ದಾನೆ. ಹಾಗೆ ಹೊಗಳಿದ್ದಾದರೂ ಎಲ್ಲಿ? ಕಾವ್ಯವನ್ನು ಕಲಿಸಲೆಂದೇ ತಾನು ಬರೆದ ಪಠ್ಯಗ್ರಂಥದಲ್ಲಿ. ಪ್ರತಿಭೆಯ ಜೊತೆಗೆ ವ್ಯುತ್ಪತ್ತಿ, ಅಭ್ಯಾಸ ಎಂಬ ಇನ್ನೆರಡನ್ನು ಆಲಂಕಾರಿಕರು ಬಿಡದೆ ಹೇಳಿದರು. ಪ್ರತಿಭೆಯನ್ನು ಯಾವ ಶಾಲೆಯೂ ಕೊಡಲಾರದು, ಉಳಿದೆರಡಕ್ಕೆ ನೆರಳನ್ನೂ ಸಮಯವನ್ನೂ ಕೊಡಬಲ್ಲುದು ಎಂದೆ. ಅವರಿಗೆ ಎಷ್ಟು ಒಪ್ಪಿತೋ ತಿಳಿಯದು. ಹುಡುಗನ ಕಣ್ಣು ನೋಡಿ ಒಪ್ಪಿಕೊಂಡಿರಬೇಕು. ಖರ್ಚಿಗೆ ಒಂದು ಮಗ್ಗವನ್ನು ಮಾರಿದರೆಂದು ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ನಾನು ಅಷ್ಟು ಧೈರ್ಯವಾಗಿ ಅಲಂಕಾರಶಾಸ್ತ್ರ ಹೇಳುತ್ತಿದ್ದೆನೋ ಇಲ್ಲವೋ.

2020ರ ಸಂಕ್ರಾಂತಿಗೆ ಹುಡುಗ ಊರಿಗೆ ಬಂದಿದ್ದ. ಮೊದಲ ತಿಂಗಳುಗಳಲ್ಲಿ ಕ್ಯಾಮರಾಕ್ಕಿಂತ ಹೆಚ್ಚಾಗಿ ಕೈಗೆ ಪೆನ್ಸಿಲು ಕೊಟ್ಟು ಗಡಿಗೆ, ಮರ, ಮನುಷ್ಯರನ್ನು ಬರೆಸಿದರಂತೆ. ಒಮ್ಮೆ ಮುನ್ನೂರು ಪಟ ತೆಗೆದುಕೊಂಡು ಹೋದಾಗ, ಇದರಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಯಾಕೆ ಬಿಟ್ಟೆಯೆಂದು ಬರೆದು ತಾ ಎಂದರಂತೆ. “ತೆಗೆಯೋದು ಸುಲಭ ಸಾರ್, ಬಿಡೋದೇ ಕಷ್ಟ” ಎಂದ. ಹಾಗೆ ಉಳಿಸಿಕೊಂಡ ಒಂದು ಪಟವನ್ನು ದೊಡ್ಡದಾಗಿ ಪ್ರಿಂಟು ಮಾಡಿಸಿ ತಂದಿದ್ದ: ಅವರ ಮನೆಯ ಮಗ್ಗದ ಕೋಣೆ, ಬೆಳಗಿನ ಹೊತ್ತು, ಹೆಂಚಿನ ನಡುವಿನ ಗಾಜಿನಿಂದ ಓರೆಯಾಗಿ ಇಳಿದ ಬಿಸಿಲು, ಅದರಲ್ಲಿ ತೇಲುವ ನೂಲಿನ ಧೂಳು, ಬಿಗಿದ ಹಾಸಿನ ಸಾವಿರಾರು ಎಳೆಗಳು. ಮನುಷ್ಯರಾರೂ ಇಲ್ಲ. ನಾನು ಶಂಕುಕನನ್ನೂ ಮೂರ್ತಿಯವರ ಕನ್ನಡಿಗಳನ್ನೂ ನೆನೆಯುತ್ತಾ ಬಹಳ ಹೊತ್ತು ನೋಡಿದೆ. ತಂದೆ ಕನ್ನಡಕ ಏರಿಸಿಕೊಂಡು ಪಟವನ್ನು ಬಾಗಿಲ ಬೆಳಕಿಗೆ ಒಯ್ದರು, ಒಂದು ಮೂಲೆಯ ಮೇಲೆ ಬೆರಳಿಟ್ಟರು.

“ಇಲ್ಲಿ ನೋಡಿ ಮೇಷ್ಟ್ರೇ, ಹಾಸಿನಲ್ಲಿ ಒಂದೆಳೆ ಕಡಿದೈತೆ. ಅವತ್ತು ನನಗೆ ಕಂಡಿರಲಿಲ್ಲ.”